ಅಕ್ಕಿಯ ನಾಡಿನಲ್ಲಿ ಗೋಧಿಯ ರೊಟ್ಟಿ ಮತ್ತು ದ್ರಾಕ್ಷಾರಸ

ಪ್ರಶ್ನೆ: ನಾನು ಮಧೂರಿನ ಸಮೀಪದವಳು, ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಿಕೆ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ನನ್ನ ಮಗಳನ್ನು ಕರೆದುಕೊಂಡು ಇಗರ್ಜಿಗೆ ಹೋಗಿದ್ದೆ. ಗುರುಗಳು ತೆಳ್ಳಗಿನ ಬಿಳಿ ಬಿಲ್ಲೆಯನ್ನೂ ಒಂದು ಪಾತ್ರೆಯನ್ನೂ ಮೇಲೆತ್ತಿ ತೋರಿಸಿದರು. ಬಳಿಕ ಜನರು ಸಾಲಾಗಿ ಹೋಗಿ ಬಿಲ್ಲೆಯನ್ನು ಮಾತ್ರ ಸ್ವೀಕರಿಸಿದರು. ಕಥೊಲಿಕರಲ್ಲದವರು ತಮ್ಮ ಸ್ಥಳದಲ್ಲೇ ಇರಬೇಕೆಂದು ಹೇಳಿದ್ದರಿಂದ ನಾವು ಕುಳಿತೇ ಇದ್ದೆವು. ಹಿಂದೊಮ್ಮೆ ಮಂಗಳೂರಿನ ಪ್ರೊಟೆಸ್ಟಂಟ್ ದೇವಾಲಯದಲ್ಲಿ ರೊಟ್ಟಿಯ ತುಣುಕನ್ನೂ ಪುಟ್ಟ ಲೋಟದಲ್ಲಿ ದ್ರಾಕ್ಷಿಯ ರಸವನ್ನೂ ಕೊಟ್ಟದ್ದನ್ನು ಕಂಡಿದ್ದೆ. ಅನ್ನ ಉಣ್ಣುವ ನಮ್ಮ ಊರಿನಲ್ಲಿ ಗೋಧಿ ಮತ್ತು ದ್ರಾಕ್ಷಿಯೇ ಏಕೆ? ಅಕ್ಕಿಯೂ ಎಳನೀರೂ ಆಗದೇ? ಇವು ಬರೀ ಸಂಕೇತವೇ? ‘ಪರಮಪ್ರಸಾದ’ ಎಂದ ಮೇಲೆ ಎಲ್ಲರಿಗೂ ಏಕೆ ಕೊಡುವುದಿಲ್ಲ? ಆ ಬಿಲ್ಲೆಯ ರುಚಿ ಹೇಗಿರುತ್ತದೆ ಎಂಬುದು ನನ್ನ ಮಗಳ ಪ್ರಶ್ನೆ.

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಅಕ್ಕಿಯ ಪ್ರಶ್ನೆಯೇ ಎಲ್ಲಕ್ಕಿಂತ ಆಳವಾದದ್ದು ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ. ನಾನು ಮಂಜೇಶ್ವರದ ಕಡೆಯ ಕೊಂಕಣಿ ಕಥೊಲಿಕ ಮನೆಯಲ್ಲಿ ಹುಟ್ಟಿದವನು. ಕ್ರೈಸ್ತ ಆರಾಧನಾ ವಿಧಿಗಳ ಚರಿತ್ರೆಯನ್ನು ಬಹುಕಾಲ ಓದಿ ಕಲಿಸಿದವನು. ಹಾಗಾಗಿ ಒಳಗಿನವನ ಮಾತೂ ಅಭ್ಯಾಸಿಯ ಮಾತೂ ಈ ಉತ್ತರದಲ್ಲಿ ಬೆರೆತಿರುತ್ತವೆ.

ಮೊದಲು ಶಬ್ದದ ಒಂದು ಸಂಗತಿ. ಬೈಬಲನ್ನು ಕನ್ನಡಕ್ಕೆ ತಂದವರು ‘ರೊಟ್ಟಿ’ ಎಂಬ ಪದವನ್ನು ಆರಿಸಿಕೊಂಡರು. ಬಯಲುಸೀಮೆಯವರಿಗೆ ಆ ಪದ ಕೇಳಿದೊಡನೆ ಜೋಳದ ರೊಟ್ಟಿ ನೆನಪಾಗುತ್ತದೆ. ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯವರಿಗೆ ರೊಟ್ಟಿಯೆಂದರೆ ಅಕ್ಕಿಯದೇ. ನಾನು ಚಿಕ್ಕವನಿದ್ದಾಗ ಯೇಸುಸ್ವಾಮಿಯು ಶಿಷ್ಯರಿಗೆ ಮುರಿದುಕೊಟ್ಟದ್ದು ನಮ್ಮ ಮನೆಯ ಕಾವಲಿಯ ಮೇಲಿನ ಅಕ್ಕಿರೊಟ್ಟಿಯಂತಹದ್ದೇ ಎಂದು ಬಹಳ ವರ್ಷ ನಂಬಿದ್ದೆ. ಅದು ತಪ್ಪಾದರೂ ಅನರ್ಥವಾದ ನಂಬಿಕೆಯಲ್ಲ. ದಿನವೂ ಉಣ್ಣುವ, ಮನೆಯಲ್ಲಿ ಯಾವಾಗಲೂ ಇರುವ, ಇಲ್ಲದಿದ್ದರೆ ಹಸಿವೆನಿಸುವ ಆಹಾರ ಎಂಬುದು ಆ ಪದದ ತಿರುಳು. ಪಾಲೆಸ್ತೀನದಲ್ಲಿ ಆ ಸ್ಥಾನ ಗೋಧಿ ಮತ್ತು ಜವೆಗೋಧಿಯ ರೊಟ್ಟಿಗಿತ್ತು. ಜವೆಗೋಧಿಯದು ಬಡವರ ರೊಟ್ಟಿ. ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಸಂಗದಲ್ಲಿ ಹುಡುಗನ ಬಳಿ ಇದ್ದದ್ದು ಐದು ಜವೆಗೋಧಿ ರೊಟ್ಟಿಗಳೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಯೇಸು ಹುಟ್ಟಿದ ಬೆತ್ಲೆಹೇಮ್ ಎಂಬ ಊರಿನ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ‘ರೊಟ್ಟಿಯ ಮನೆ’ ಎಂದೇ ಅರ್ಥ.

ಹಾಗಾದರೆ ಅಕ್ಕಿಯ ನಾಡಿಗೆ ಬಂದಾಗ ರೊಟ್ಟಿಯು ಅನ್ನವಾಗಬೇಕಿತ್ತಲ್ಲವೇ? ಇಲ್ಲ ಎನ್ನುವುದಕ್ಕೆ ಸಭೆಯು, ಎಂದರೆ ಕ್ರೈಸ್ತರ ಧರ್ಮಸಂಸ್ಥೆಯು, ಕೊಡುವ ಕಾರಣ ಇದು. ಬಲಿಪೂಜೆಯಲ್ಲಿ, ಎಂದರೆ ನೀವು ಇಗರ್ಜಿಯಲ್ಲಿ ಕಂಡ ಆ ಆರಾಧನೆಯಲ್ಲಿ, ನೆನೆಯುವುದು ಆಹಾರವೆಂಬ ಸಾಮಾನ್ಯ ವಿಷಯವನ್ನಲ್ಲ, ಒಂದು ನಿರ್ದಿಷ್ಟ ರಾತ್ರಿಯನ್ನು. ಶಿಲುಬೆಗೆ ಏರುವ ಹಿಂದಿನ ರಾತ್ರಿ ಜೆರುಸಲೇಮಿನಲ್ಲಿ ಯೇಸು ಶಿಷ್ಯರೊಡನೆ ಊಟಕ್ಕೆ ಕುಳಿತರು. ಅದು ಯೆಹೂದ್ಯರ ಪಾಸ್ಕ ಹಬ್ಬದ ಕಾಲ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ತಮ್ಮ ಪೂರ್ವಜರು ತರಾತುರಿಯಲ್ಲಿ, ಹಿಟ್ಟು ಹುದುಗುವಷ್ಟು ಹೊತ್ತೂ ಕಾಯದೆ ಹೊರಟುಬಂದರೆಂಬುದರ ನೆನಪಿಗಾಗಿ ಹುಳಿಯಿಲ್ಲದ ರೊಟ್ಟಿಯನ್ನು ಅವರು ಇಂದಿಗೂ ತಿನ್ನುತ್ತಾರೆ. ಅಂತಹ ಊಟದಲ್ಲಿ ಯೇಸು ರೊಟ್ಟಿಯನ್ನು ತೆಗೆದುಕೊಂಡು, ಸ್ತೋತ್ರ ಮಾಡಿ, ಮುರಿದು, ಇದು ನಿಮಗಾಗಿ ಅರ್ಪಿತವಾಗುವ ನನ್ನ ಶರೀರ ಎಂದು ಹೇಳಿ ಕೊಟ್ಟರು. ದ್ರಾಕ್ಷಾರಸದ, ಎಂದರೆ ಹುದುಗಿದ ದ್ರಾಕ್ಷಿಮದ್ಯದ, ಪಾತ್ರೆಯನ್ನು ತಮ್ಮ ರಕ್ತದಲ್ಲಿ ಸ್ಥಾಪಿತವಾಗುವ ಹೊಸ ಒಡಂಬಡಿಕೆಯೆಂದು ಕರೆದರು. ನನ್ನ ಸ್ಮರಣೆಗಾಗಿ ಇದನ್ನು ಮಾಡಿರಿ ಎಂದರು. ನಮಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ವರದಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಅದು ಆ ಘಟನೆಯಾದ ಸುಮಾರು 25 ವರ್ಷಗಳೊಳಗೆ ಬರೆದದ್ದು.

ನಿಮ್ಮ ಮನೆಯ ರೂಢಿಯಿಂದ ಒಂದು ಹೋಲಿಕೆ ಕೊಡಬಹುದೇನೋ. ತೀರಿಕೊಂಡ ಹಿರಿಯರ ತಿಥಿಯ ದಿನ ಅವರಿಗೆ ಪ್ರಿಯವಾಗಿದ್ದ ಪದಾರ್ಥವನ್ನೇ ಮಾಡುತ್ತಾರೆ. ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುತ್ತದೆಂದು ಯಾರೂ ಬದಲಿಸುವುದಿಲ್ಲ. ಆ ಪದಾರ್ಥದಲ್ಲಿ ಆ ವ್ಯಕ್ತಿ ಇದ್ದಾರೆ. ಗೋಧಿ ಮತ್ತು ದ್ರಾಕ್ಷಿಯ ವಿಷಯದಲ್ಲಿ ಸಭೆಯ ಹಟವೂ ಮೂಲತಃ ಈ ಬಗೆಯದು.

ಈ ಹಟವನ್ನು ನಿಯಮವಾಗಿಯೂ ಬರೆದಿಟ್ಟಿದ್ದಾರೆ. ಕಥೊಲಿಕ ಸಭೆಯ ಕಾನೂನಿನ ಪ್ರಕಾರ ರೊಟ್ಟಿಯು ಬರೀ ಗೋಧಿಯದ್ದಾಗಿರಬೇಕು, ಕೆಡದಂತೆ ಇತ್ತೀಚೆಗೆ ಮಾಡಿದ್ದಾಗಿರಬೇಕು. ದ್ರಾಕ್ಷಾರಸವು ದ್ರಾಕ್ಷಿಯಿಂದಲೇ ಆದ, ಹಾಳಾಗದ, ಸಹಜವಾದ ರಸವಾಗಿರಬೇಕು. ಗೋಧಿಯ ಗ್ಲುಟೆನ್ ಅಂಶ ಒಗ್ಗದ ರೋಗಿಗಳಿಗಾಗಿ ಆ ಅಂಶ ಬಹಳ ಕಡಿಮೆಯಿರುವ ಬಿಲ್ಲೆಗೆ ಅವಕಾಶವಿದೆ. ಆದರೆ ಅದು ಪೂರ್ತಿಯಾಗಿ ಇಲ್ಲದ್ದು ಸಲ್ಲದೆಂದು 2017ರಲ್ಲಿ ರೋಮ್, ಎಂದರೆ ಕಥೊಲಿಕ ಸಭೆಯ ಕೇಂದ್ರಾಡಳಿತ, ಮತ್ತೆ ಸ್ಪಷ್ಟಪಡಿಸಿತು. ಮದ್ಯಸಾರ ಒಗ್ಗದ ಗುರುಗಳು ಅನುಮತಿ ಪಡೆದು, ಹುದುಗುವಿಕೆಯನ್ನು ಆರಂಭದಲ್ಲೇ ತಡೆದ ದ್ರಾಕ್ಷಿರಸವನ್ನು ಬಳಸಬಹುದು. ಎಳನೀರಿಗೆ, ಕಳ್ಳಿಗೆ, ಅಕ್ಕಿಗೆ ಅವಕಾಶವಿಲ್ಲ.

ಇದರ ಬಗ್ಗೆ ಒಳಗಿನಿಂದಲೇ ಗಂಭೀರವಾದ ಆಕ್ಷೇಪಗಳು ಬಂದಿವೆ. ಸಜ್ಜೆ ಬೆಳೆದು ಉಣ್ಣುವ ಜನರು ತಮ್ಮದಲ್ಲದ ಧಾನ್ಯವನ್ನು ಪರದೇಶದಿಂದ ಕೊಂಡು ದೇವರಿಗೆ ಅರ್ಪಿಸಬೇಕಾಗುವುದು ಪರಾಧೀನತೆಯ ಗುರುತಲ್ಲವೇ ಎಂದು ಕ್ಯಾಮರೂನಿನ ದೇವಶಾಸ್ತ್ರಜ್ಞ ಜಾನ್ ಮಾರ್ಕ್ ಎಲಾ ಕೇಳಿದರು. ಭಾರತದಲ್ಲಿ 1969ರಲ್ಲಿ ಆರಾಧನೆಯ ಹನ್ನೆರಡು ಅಂಶಗಳನ್ನು ಇಲ್ಲಿನ ಸಂಸ್ಕೃತಿಗೆ ಹೊಂದಿಸಲು ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ ಮುಗಿಯುವುದು, ಆರತಿ ಎತ್ತುವುದು, ಎಣ್ಣೆಯ ದೀಪ ಹಚ್ಚುವುದು ಅದರಲ್ಲಿ ಸೇರಿದ್ದವು. ಸುತ್ತಲಿನದೆಲ್ಲ ಬದಲಾಗಲು ದಾರಿಯಾಯಿತು, ನಡುವಿನ ರೊಟ್ಟಿ ಮತ್ತು ರಸ ಬದಲಾಗಲಿಲ್ಲ. ಎಲಾ ಅವರ ಪ್ರಶ್ನೆಯಲ್ಲಿ ನೋವಿದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೂ ಆ ಒಂದು ರಾತ್ರಿಯ ಮೇಜಿಗೆ ಎಲ್ಲ ಊರುಗಳನ್ನೂ ಕಟ್ಟಿಹಾಕುವ ಎಳೆಯೊಂದು ಬೇಕು ಎಂಬ ಪಕ್ಷದಲ್ಲಿಯೇ ನಾನು ನಿಲ್ಲುತ್ತೇನೆ. ಅದಕ್ಕೆ ಪಟ್ಟ ಕಷ್ಟವೂ ನಮ್ಮ ಕರಾವಳಿಯ ಚರಿತ್ರೆಯ ಒಂದು ಭಾಗ. ಕೊಡುಂಗಲ್ಲೂರಿನಿಂದ ಹೊರಟು 1501ರಲ್ಲಿ ಪೋರ್ಚುಗಲ್ ತಲುಪಿದ ಯೋಸೇಫ್ ಎಂಬ ಗುರುಗಳು ಯೂರೋಪಿನಲ್ಲಿ ಕೊಟ್ಟ ವಿವರಣೆಯಲ್ಲಿ, ಮಲಬಾರಿನಲ್ಲಿ ದ್ರಾಕ್ಷಾರಸ ದೊರೆಯದ ಕಾರಣ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಆ ರಸದಿಂದ ಪೂಜೆ ಮಾಡುತ್ತಿದ್ದರೆಂಬ ಮಾತು ಬರುತ್ತದೆ. ಸುತ್ತಲೂ ತೆಂಗು, ಈಚಲು ತುಂಬಿದ ನಾಡಿನಲ್ಲಿ ಹಡಗಿನಿಂದ ಇಳಿದ ಒಂದು ಹಿಡಿ ಒಣದ್ರಾಕ್ಷಿಗಾಗಿ ಕಾದು ಕುಳಿತ ಆ ಜನರ ನಿಷ್ಠೆ ನನ್ನನ್ನು ಯಾವಾಗಲೂ ಕಲಕುತ್ತದೆ.

ಆದರೆ ಅಕ್ಕಿಯು ಹೊರಗುಳಿಯಿತೆಂದು ನೀವು ತಿಳಿಯಬಾರದು; ಅದು ಬಲಿಪೀಠದಿಂದ ಮನೆಯ ಒಳಕ್ಕೆ ಬಂದು ಕುಳಿತಿದೆ. ಸಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನವಾದ ಮೊಂತಿ ಹಬ್ಬ ಬರುತ್ತದೆ. ಮಕ್ಕಳು ಒಂಬತ್ತು ದಿನ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಗುರುಗಳು ಆಶೀರ್ವದಿಸಿ ಪ್ರತಿ ಮನೆಗೂ ಹಂಚುತ್ತಾರೆ. ಆ ತೆನೆಯನ್ನು ನಾವು ಕೊಂಕಣಿಯಲ್ಲಿ ‘ನೊವೆಂ’ ಎನ್ನುತ್ತೇವೆ, ಎಂದರೆ ‘ಹೊಸತು’. ನಮ್ಮ ಮನೆಯಲ್ಲಿ ಅಜ್ಜಿ ಅದರ ಕಾಳುಗಳನ್ನು ಸುಲಿದು, ಅರೆದು, ಹಾಲಿಗೆ ಬೆರೆಸಿ, ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರಿಂದ ತೊಡಗಿ ತೊಟ್ಟಿಲ ಮಗುವಿನವರೆಗೆ ಎಲ್ಲರ ಬಾಯಿಗೂ ಒಂದೊಂದು ಗುಟುಕು ಹಾಕುತ್ತಿದ್ದರು. ದೂರದ ಊರಿನಲ್ಲಿದ್ದ ಚಿಕ್ಕಪ್ಪನ ಪಾಲಿಗೆ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಸಿ ಅಂಚೆಗೆ ಹಾಕುತ್ತಿದ್ದರು. ನಿಮ್ಮ ಮನೆಗಳ ತೆನೆ ಕಟ್ಟುವ ಕ್ರಮ, ಹೊಸ ಅಕ್ಕಿಯ ಊಟ ಇವುಗಳೊಡನೆ ಇದಕ್ಕಿರುವ ಬಂಧುತ್ವವನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಮೂಡಣ ಗುಡ್ಡಗಳ ಕಡೆ ಹೋದರೆ ಇನ್ನೊಂದು ಚೆಲುವಾದ ಆಚರಣೆ ಕಾಣುತ್ತದೆ. ತಿರುವಿದಾಂಕೂರಿನ ಕಡೆಯಿಂದ ವಲಸೆ ಬಂದ ಸುರಿಯಾನಿ ಕ್ರೈಸ್ತರು, 1943ರಲ್ಲಿ ರಾಜಪುರಂಗೆ ಬಂದು ನೆಲೆಸಿದ ಕ್ನಾನಾಯ ಕುಟುಂಬಗಳೂ ಸೇರಿದಂತೆ, ಯೇಸುವಿನ ಆ ಕೊನೆಯ ಊಟವನ್ನು ನೆನೆಯುವ ಪವಿತ್ರ ಗುರುವಾರದ ರಾತ್ರಿ ಮನೆಯಲ್ಲಿ ಪೆಸಹಾ ಅಪ್ಪ ಮಾಡುತ್ತಾರೆ. ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸಿ, ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಗರಿಯಿಂದ ಅದರ ಮೇಲೆ ಶಿಲುಬೆಯನ್ನಿಟ್ಟು, ಮನೆಯ ಯಜಮಾನನು ಪ್ರಾರ್ಥಿಸಿ ಕತ್ತರಿಸಿ, ತೆಂಗಿನ ಹಾಲು ಬೆಲ್ಲಗಳ ಪಾನಕದೊಂದಿಗೆ ಹಿರಿತನದ ಕ್ರಮದಲ್ಲಿ ಕೊಡುತ್ತಾನೆ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅದನ್ನು ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ. ನೀವು ಕೇಳಿದ ಅಕ್ಕಿಯೂ ತೆಂಗೂ ಹೀಗೆ ಅದೇ ರಾತ್ರಿಯ ಸ್ಮರಣೆಯಲ್ಲಿ, ಇಗರ್ಜಿಯ ಹೊರಗೆ, ಹೊಸ್ತಿಲ ಒಳಗೆ ಇವೆ.

ಇನ್ನು ರೊಟ್ಟಿಯು ಏನನ್ನು ಸೂಚಿಸುತ್ತದೆಂಬ ಮಾತು. ಹಳೆಯ ಕ್ರೈಸ್ತರು ಆ ವಸ್ತುವಿಗಿಂತ ಅದು ರೊಟ್ಟಿಯಾದ ಬಗೆಯನ್ನೇ ಹೆಚ್ಚು ಧ್ಯಾನಿಸಿದರು. ‘ದಿದಖೆ’ ಎಂಬ ಅತ್ಯಂತ ಪ್ರಾಚೀನ ಗ್ರೀಕ್ ಕೈಪಿಡಿಯಲ್ಲಿ, ಬೆಟ್ಟಗಳ ಮೇಲೆ ಚದರಿಹೋಗಿದ್ದ ಧಾನ್ಯವು ಒಟ್ಟುಗೂಡಿ ಒಂದು ರೊಟ್ಟಿಯಾದಂತೆ ನಿನ್ನ ಜನರು ಭೂಮಿಯ ತುದಿಗಳಿಂದ ಒಂದಾಗಲಿ ಎಂಬ ಭಾವದ ಪ್ರಾರ್ಥನೆಯಿದೆ. 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನರು, ಆಗ ತಾನೇ ಸ್ನಾನದೀಕ್ಷೆ (ಕ್ರೈಸ್ತರಾಗುವ ನೀರಿನ ಸಂಸ್ಕಾರ) ಪಡೆದವರಿಗೆ ಬಲಿಪೀಠವನ್ನು ತೋರಿಸಿ ಮಾಡಿದ ಪ್ರವಚನದಲ್ಲಿ ಇದನ್ನು ಇನ್ನೂ ಬೆಳೆಸುತ್ತಾರೆ: ದೀಕ್ಷೆಯ ಸಿದ್ಧತೆಯಲ್ಲಿ ನೀವು ಕಾಳುಗಳಂತೆ ಬೀಸಲ್ಪಟ್ಟಿರಿ, ದೀಕ್ಷೆಯ ನೀರಿನಲ್ಲಿ ಹಿಟ್ಟಿನಂತೆ ಕಲಸಲ್ಪಟ್ಟಿರಿ, ಪವಿತ್ರಾತ್ಮರ ಬೆಂಕಿಯಲ್ಲಿ ಬೆಂದಿರಿ, ಈಗ ನೀವು ನೋಡುತ್ತಿರುವುದೇ ನೀವಾಗಿರಿ. ಬೀಸುವ ಕಲ್ಲಿನ ಮುಂದೆ ಕುಳಿತವರಿಗೆ, ಒರಳಿನಲ್ಲಿ ಅಕ್ಕಿ ರುಬ್ಬಿದವರಿಗೆ ಈ ಮಾತು ತಟ್ಟನೆ ಮುಟ್ಟುತ್ತದೆ. ಇಡಿಯ ಕಾಳಾಗಿ ಉಳಿಯಬೇಕೆಂದವರು ರೊಟ್ಟಿಯಾಗಲಾರರು.

ದ್ರಾಕ್ಷಿಗೂ ಹಾಗೆಯೇ, ಅದು ತುಳಿಯಲ್ಪಡದೆ ರಸವಿಲ್ಲ. ಆದರೆ ರಸವು ರೊಟ್ಟಿಗಿಂತ ಹೆಚ್ಚು ಕಠಿಣವಾದ ಪ್ರತೀಕ, ಏಕೆಂದರೆ ಅದು ಒಂದೇ ಸಲ ಸಂತೋಷವನ್ನೂ ರಕ್ತವನ್ನೂ ನೆನಪಿಸುತ್ತದೆ. ರೊಟ್ಟಿ ಮನುಷ್ಯನ ಹೃದಯಕ್ಕೆ ಬಲವನ್ನು, ದ್ರಾಕ್ಷಾರಸ ಹರ್ಷವನ್ನು ಕೊಡುತ್ತದೆಂದು ಬೈಬಲಿನ 104ನೇ ಕೀರ್ತನೆ ಹಾಡುತ್ತದೆ. ಯೇಸುವಿನ ಮೊದಲ ಸೂಚಕಕಾರ್ಯವೂ ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದ್ದು. ಇನ್ನೊಂದೆಡೆ, ರಕ್ತದಲ್ಲಿ ಪ್ರಾಣವಿದೆ, ಅದನ್ನು ಸೇವಿಸಬಾರದು ಎಂಬುದು ಯೆಹೂದ್ಯರ ಕಟ್ಟುನಿಟ್ಟಿನ ನಿಯಮ. ಅಂತಹ ಜನರ ಮುಂದೆ ಪಾತ್ರೆಯನ್ನು ಹಿಡಿದು ‘ಇದು ನನ್ನ ರಕ್ತ’ ಎಂದದ್ದು ಕೇಳಿದವರನ್ನು ನಡುಗಿಸಿರಬೇಕು. ಸೀನಾಯಿ ಬೆಟ್ಟದ ತಪ್ಪಲಲ್ಲಿ ಮೋಶೆಯು ಬಲಿಪ್ರಾಣಿಯ ರಕ್ತವನ್ನು ಜನರ ಮೇಲೆ ಚಿಮುಕಿಸಿ ಒಡಂಬಡಿಕೆಯನ್ನು ಮುದ್ರಿಸಿದ ಪ್ರಸಂಗ ಅದರ ಹಿಂದಿದೆ; ಇಲ್ಲಿ ಪ್ರಾಣಿಯಿಲ್ಲ, ಅರ್ಪಿಸುವವನೇ ಅರ್ಪಣೆ. ಮಲಯಾಳದ ಸುರಿಯಾನಿಗಳು ಬಲಿಪೂಜೆಯನ್ನು ‘ಕುರ್ಬಾನ’ ಎನ್ನುತ್ತಾರೆ. ಅರ್ಪಣೆ ಎಂಬರ್ಥದ ಆ ಸುರಿಯಾನಿ ಪದಕ್ಕೂ ನಮ್ಮ ಮುಸ್ಲಿಂ ನೆರೆಯವರ ‘ಕುರ್ಬಾನಿ’ಗೂ ಮೂಲಧಾತು ಒಂದೇ. ರೊಟ್ಟಿ ಮತ್ತು ರಸವನ್ನು ಬೇರೆಬೇರೆಯಾಗಿ ಇಡುವುದರಲ್ಲಿಯೂ ಅರ್ಥವಿದೆ: ಶರೀರದಿಂದ ರಕ್ತ ಬೇರ್ಪಟ್ಟರೆ ಅದು ಮರಣ. ಸ್ವೀಕಾರಕ್ಕೆ ಮುನ್ನ ಗುರುಗಳು ಬಿಲ್ಲೆಯನ್ನು ಮುರಿದು ಒಂದು ಸಣ್ಣ ಚೂರನ್ನು ಪಾತ್ರೆಯೊಳಗೆ ಹಾಕುವುದನ್ನು ನೀವು ಗಮನಿಸಿದ್ದರೆ, ಅದನ್ನು ಬಹುಕಾಲದಿಂದ ಪುನರುತ್ಥಾನದ ಗುರುತಾಗಿ, ಬೇರ್ಪಟ್ಟದ್ದು ಮತ್ತೆ ಕೂಡಿದ್ದಾಗಿ ಓದುತ್ತಾ ಬಂದಿದ್ದಾರೆ. ಅದಕ್ಕೂ ಮೊದಲು ರಸಕ್ಕೆ ಬೆರೆಸುವ ಕೆಲವು ಹನಿ ನೀರು ಜನರನ್ನು ಸೂಚಿಸುತ್ತದೆ. 258ರಲ್ಲಿ ಹುತಾತ್ಮರಾದ ಕಾರ್ಥೇಜಿನ ಬಿಷಪ್ ಸಿಪ್ರಿಯಾನರ ವಿವರಣೆಯಂತೆ, ರಸದಲ್ಲಿ ಬೆರೆತ ನೀರನ್ನು ಮತ್ತೆ ಬೇರ್ಪಡಿಸಲಾಗದಂತೆ ಕ್ರಿಸ್ತರಿಂದ ಜನರನ್ನು ಬೇರ್ಪಡಿಸಲಾಗದು.

(ಮದ್ಯದ ಬಗ್ಗೆ ನಿಮಗೆ ಅಳುಕಿದ್ದರೆ ಇಷ್ಟು ಹೇಳಬಹುದು: ಬಳಸುವುದು ಕೆಲವೇ ಗುಟುಕು, ಕೇರಳದ ಅಬಕಾರಿ ವ್ಯವಸ್ಥೆಯಲ್ಲಿ ಬಲಿಪೂಜೆಯ ದ್ರಾಕ್ಷಾರಸಕ್ಕೆ ಪ್ರತ್ಯೇಕ ಪರವಾನಗಿಯೇ ಇದೆ.)

ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಗೋಧಿಯಲ್ಲಿಯೂ ಇಲ್ಲ, ದ್ರಾಕ್ಷಿಯಲ್ಲಿಯೂ ಇಲ್ಲ, ಮುರಿದು ಹಂಚಿಕೊಳ್ಳುವುದರಲ್ಲಿದೆ. ಮೊದಲ ಕ್ರೈಸ್ತರು ಈ ಆರಾಧನೆಯನ್ನು ‘ರೊಟ್ಟಿ ಮುರಿಯುವುದು’ ಎಂದೇ ಕರೆಯುತ್ತಿದ್ದರು. ಪೌಲರ ಪತ್ರದ ಆ ಭಾಗವು ಹುಟ್ಟಿದ್ದೇ ಒಂದು ಜಗಳದಿಂದ: ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ನೀವು ತಿನ್ನುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲರು ಗದರಿಸಿದರು. ರೊಟ್ಟಿ ಸರಿಯಾಗಿತ್ತು, ರಸ ಸರಿಯಾಗಿತ್ತು; ಪಂಕ್ತಿ ಸರಿಯಿರಲಿಲ್ಲ.

ನಮ್ಮ ನಾಡಿನವರಿಗೆ ಪಂಕ್ತಿಯ ಮಾತು ಹೊಸತಲ್ಲ, ಎಂಜಲಿನ ಮಾತಂತೂ ಮಗುವಿಗೂ ತಿಳಿದದ್ದು. ಒಬ್ಬರು ಬಾಯಿಟ್ಟ ಪಾತ್ರೆಗೆ ಇನ್ನೊಬ್ಬರು ಬಾಯಿಡುವುದು, ಅದೂ ಬೇರೆ ಜಾತಿಯವರು ಬಾಯಿಡುವುದು, ಇಲ್ಲಿ ಎಂತಹ ಕ್ರಾಂತಿಯಾಗಿತ್ತೆಂಬುದನ್ನು ಯೂರೋಪಿನ ದೇವಶಾಸ್ತ್ರಜ್ಞರು ಕಲ್ಪಿಸಿಯೂ ಇರಲಾರರು. ತಮಿಳುನಾಡಿನ ಕೆಲವು ಪ್ರೊಟೆಸ್ಟಂಟ್ ಸಭೆಗಳಲ್ಲಿ ಜಾತಿಯ ಕ್ರಮದಲ್ಲಿ ಬೇರೆಬೇರೆಯಾಗಿ ಈ ಸಂಸ್ಕಾರವನ್ನು ಸ್ವೀಕರಿಸುವ ರೂಢಿ ಬೆಳೆದಿತ್ತು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಅದನ್ನು ತತ್‌ಕ್ಷಣವೇ ಕೈಬಿಡಬೇಕೆಂದು ಬರೆದಾಗ ತಂಜಾವೂರಿನಂತಹ ಕಡೆಗಳಲ್ಲಿ ದೊಡ್ಡ ಪ್ರತಿರೋಧ ಎದ್ದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಸಭೆಯೊಳಗೆ ಜಾತಿಗೆ ಎಡೆಯಿಲ್ಲವೆಂಬ ನಿಲುವನ್ನು ಹಿಡಿದರು. ನಮ್ಮ ಕಥೊಲಿಕರು ಈ ವಿಷಯದಲ್ಲಿ ಹೆಮ್ಮೆಪಡುವಂತಿಲ್ಲ. ಜಾತಿಯ ನೆರಳು ನಮ್ಮಲ್ಲೂ ಮದುವೆಯ ಮಾತುಕತೆಗಳಲ್ಲಿ ತಲೆಮಾರುಗಳ ಕಾಲ ಉಳಿಯಿತು. ಒಂದೇ ರೊಟ್ಟಿಯಲ್ಲಿ ಪಾಲುಪಡೆದು ಹೊರಬಂದವರೇ ಹಾಗೆ ನಡೆದುಕೊಂಡದ್ದು ನನಗೆ ಇಂದಿಗೂ ದುಃಖ ತರುತ್ತದೆ.

ಜನರಿಗೆ ಬಿಲ್ಲೆ ಮಾತ್ರ ಏಕೆ ಎಂಬ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ. ಮಧ್ಯಯುಗದಲ್ಲಿ ರಸ ಚೆಲ್ಲಿಬಿಡುವ ಭಯ, ಭಯಭಕ್ತಿಯ ಅತಿರೇಕ ಇತ್ಯಾದಿ ಕಾರಣಗಳಿಂದ ಪಾಶ್ಚಾತ್ಯ ಸಭೆಯಲ್ಲಿ ಪಾತ್ರೆಯು ನಿಧಾನವಾಗಿ ಜನರಿಂದ ದೂರವಾಯಿತು. 1415ರಲ್ಲಿ ಕೊನ್‌ಸ್ಟಾನ್ಸಿನ ಮಹಾಸಭೆ ಅದನ್ನೇ ನಿಯಮ ಮಾಡಿತು. ಬೊಹೇಮಿಯದಲ್ಲಿ (ಇಂದಿನ ಚೆಕ್ ದೇಶದಲ್ಲಿ) ಸುಧಾರಕ ಯಾನ್ ಹುಸ್ ಅವರ ಅನುಯಾಯಿಗಳು ಪಾತ್ರೆ ಎಲ್ಲರಿಗೂ ಬೇಕೆಂದು ಹೋರಾಡಿದರು. ಪಾತ್ರೆಯ ಚಿತ್ರವೇ ಅವರ ಧ್ವಜವಾಯಿತು. ರೊಟ್ಟಿ ಮತ್ತು ರಸ ಎರಡರ ರೂಪದಲ್ಲಿಯೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆ, ಆದ್ದರಿಂದ ಒಂದನ್ನು ಪಡೆದವರಿಗೂ ಯಾವ ಕೊರತೆಯೂ ಇಲ್ಲ ಎಂಬುದು ಕಥೊಲಿಕ ಬೋಧನೆ. ಅದನ್ನು ನಾನು ನಂಬುತ್ತೇನೆ. ಆದರೆ ಪ್ರತೀಕದ ದೃಷ್ಟಿಯಿಂದ ಅರ್ಧ ಮಾತು ಮೌನವಾಯಿತೆಂಬುದೂ ನಿಜ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಕೆಲವು ಸಂದರ್ಭಗಳಲ್ಲಿ ಪಾತ್ರೆಯನ್ನು ಮತ್ತೆ ಜನರಿಗೆ ತೆರೆಯಿತು. ಮದುವೆಯ ಪೂಜೆಯಲ್ಲಿ ವಧೂವರರು ಎರಡನ್ನೂ ಸ್ವೀಕರಿಸುವುದು ಸಾಮಾನ್ಯ; ನೀವು ಕುಳಿತಿದ್ದ ಕಡೆಯಿಂದ ಅದು ಕಾಣಿಸಿರಲಿಕ್ಕಿಲ್ಲ. ಮಂಗಳೂರಿನಲ್ಲಿ ನೀವು ಕಂಡ ಪುಟ್ಟ ಲೋಟಗಳ ಮೂಲ ಬೇರೆ: 19ನೇ ಶತಮಾನದ ಅಮೆರಿಕದಲ್ಲಿ ರೋಗಾಣುಗಳ ಅರಿವು ಹರಡಿದಾಗ ಒಬ್ಬೊಬ್ಬರಿಗೆ ಒಂದೊಂದು ಲೋಟವೆಂಬ ಕ್ರಮ ಬಂತು. ಪಾನನಿರೋಧದ ಚಳವಳಿಯ ಕಾಲದಲ್ಲಿಯೇ, 1869ರಲ್ಲಿ, ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯರು ಹುದುಗದ ದ್ರಾಕ್ಷಿರಸವನ್ನು ಕಾಯಿಸಿ ಕಾಪಿಡುವ ವಿಧಾನವನ್ನು ಈ ಆರಾಧನೆಗಾಗಿಯೇ ರೂಪಿಸಿದರು. ಆರೋಗ್ಯದ ಕಾಳಜಿ ನ್ಯಾಯವಾದದ್ದೇ. ಆದರೂ ಎಂಜಲಿನ ನಾಡಿನಲ್ಲಿ ಒಂದೇ ಪಾತ್ರೆ ಆಡಿದ್ದ ಮಾತನ್ನು ನಲವತ್ತು ಲೋಟಗಳು ಆಡಲಾರವು ಎಂದು ನನಗೆ ಅನ್ನಿಸುತ್ತದೆ.

‘ಬರೀ ಸಂಕೇತವೇ’ ಎಂದು ಕೇಳಿದ್ದೀರಿ. ಈ ‘ಬರೀ’ ಎಂಬ ಪದದ ಮೇಲೆಯೇ ಕ್ರೈಸ್ತರು ಒಡೆದುಹೋದರು. ರೊಟ್ಟಿ ಮತ್ತು ರಸದ ಬಣ್ಣ, ರುಚಿ, ಆಕಾರಗಳು ಹಾಗೆಯೇ ಉಳಿದು, ಅವುಗಳ ಒಳಸತ್ವವು ಕ್ರಿಸ್ತರ ಶರೀರ ಮತ್ತು ರಕ್ತವಾಗಿ ಮಾರ್ಪಡುತ್ತದೆಂಬುದು ಕಥೊಲಿಕರ ನಂಬಿಕೆ; 1215ರ ಲ್ಯಾಟರನ್ ಮಹಾಸಭೆಯು ಈ ಮಾತನ್ನು ಬಳಸಿತು, 1551ರಲ್ಲಿ ಟ್ರೆಂಟಿನ ಮಹಾಸಭೆ ದೃಢಪಡಿಸಿತು. ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ ಆ ತತ್ವವಿವರಣೆಯನ್ನು ಒಪ್ಪದಿದ್ದರೂ ಕ್ರಿಸ್ತರು ಅಲ್ಲಿ ನಿಜವಾಗಿ ಇದ್ದಾರೆಂಬುದನ್ನು ಬಿಡಲಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಸ್ವಿಸ್ ಸುಧಾರಕ ಜ್ವಿಂಗ್ಲಿಯವರೊಡನೆ ವಾದಕ್ಕೆ ಕುಳಿತಾಗ ‘ಇದು ನನ್ನ ಶರೀರ’ ಎಂಬ ಲ್ಯಾಟಿನ್ ವಾಕ್ಯವನ್ನು ಅವರು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡಿದ್ದರು. ಆ ವಾಕ್ಯದ ‘ಆಗಿದೆ’ ಎಂಬ ಲ್ಯಾಟಿನ್ ಕ್ರಿಯಾಪದಕ್ಕೆ ‘ಸೂಚಿಸುತ್ತದೆ’ ಎಂದರ್ಥವೆಂದು ಜ್ವಿಂಗ್ಲಿ ವಾದಿಸಿದರು. ಮುಂದೆ ಇನ್ನೊಬ್ಬ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನರು ವಿಶ್ವಾಸಿಯು ಪವಿತ್ರಾತ್ಮರ ಶಕ್ತಿಯಿಂದ ಕ್ರಿಸ್ತರಲ್ಲಿ ನಿಜವಾಗಿ ಪಾಲುಗೊಳ್ಳುತ್ತಾನೆಂದು ನಡುವಿನ ದಾರಿ ತೋರಿಸಿದರು. ನಮ್ಮ ನೆಲದಲ್ಲಿ ನಿಂತು ಇದನ್ನು ತಿಳಿಯುವುದು ಕಷ್ಟವಲ್ಲ. ಭೂತಕೋಲದಲ್ಲಿ, ತೆಯ್ಯಂನಲ್ಲಿ ದೈವದ ಮುಂದೆ ಕೈಮುಗಿದು ನಿಂತವರು ಇದು ದೈವದ ಸಂಕೇತವೆಂದು ಹೇಳುವುದಿಲ್ಲ. ಬಣ್ಣ ಬಳಿದುಕೊಂಡ ಮನುಷ್ಯನ ಹೆಸರು ಗೊತ್ತಿದ್ದೂ ‘ದೈವ ನುಡಿಯಿತು’ ಎನ್ನುತ್ತಾರೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೋಲ ಮುಗಿದ ಮೇಲೆ ದೈವ ಮಾಯಕ್ಕೆ ಸರಿಯುತ್ತದೆ, ಕಥೊಲಿಕರಾದರೋ ಪೂಜೆಯ ನಂತರವೂ ಪರಮಪ್ರಸಾದವನ್ನು ಪೆಟ್ಟಿಗೆಯಲ್ಲಿರಿಸಿ, ದೀಪವಿಟ್ಟು ಆರಾಧಿಸುತ್ತಾರೆ. ಆದರೆ ಕಾಣುವುದು ಒಂದು, ಇರುವುದು ಇನ್ನೊಂದು, ಅದಕ್ಕೆ ‘ಬರೀ’ ಸೇರಿಸಲಾಗದು ಎಂಬ ಅನುಭವ ನಿಮಗೆ ಹೊಸತಲ್ಲವೆಂದಷ್ಟೇ ನನ್ನ ಮಾತು.

ಈಗ ‘ಪ್ರಸಾದ’. ಮಧೂರಿನ ಮಹಾಗಣಪತಿಯ ಅಪ್ಪಪ್ರಸಾದವನ್ನು ನಾನೂ ನೆರೆಯವರ ಮನೆಯಿಂದ ಪಡೆದು ತಿಂದು ಬೆಳೆದವನು. ಆಗ ನನ್ನ ಮತವನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಇಗರ್ಜಿಯಲ್ಲಿ ಕುಳಿತೇ ಇರಬೇಕಾದಾಗ ನಿಮ್ಮ ಮನಸ್ಸಿಗಾದ ಇರುಸುಮುರುಸು ನನಗೆ ಅರ್ಥವಾಗುತ್ತದೆ. ಕನ್ನಡದ ಹಿರಿಯರು ‘ಪರಮಪ್ರಸಾದ’ ಎಂಬ ಪದವನ್ನು ಕಟ್ಟಿದ್ದು ಸುಂದರವಾದ ಕೆಲಸ, ಏಕೆಂದರೆ ದೇವರ ಕೃಪೆಯು ತಿನ್ನುವ ವಸ್ತುವಾಗಿ ಕೈಗೆ ಬರುತ್ತದೆಂಬುದನ್ನು ಆ ಪದದಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳದು. ಆದರೆ ಆ ಪದವು ಒಂದು ವ್ಯತ್ಯಾಸವನ್ನು ಮರೆಮಾಡುತ್ತದೆ. ದೇವಸ್ಥಾನದ ಪ್ರಸಾದವು ದೇವರು ಬಂದವರೆಲ್ಲರಿಗೂ ಕೊಡುವ ಅನುಗ್ರಹ. ಪಡೆದವರು ಏನನ್ನೂ ಒಪ್ಪಿಕೊಂಡಂತೆ ಆಗುವುದಿಲ್ಲ. ಇಲ್ಲಿ ಗುರುಗಳು ಬಿಲ್ಲೆಯನ್ನು ಎತ್ತಿ ‘ಕ್ರಿಸ್ತರ ಶರೀರ’ ಎನ್ನುತ್ತಾರೆ, ಕೊಂಕಣಿ ಪೂಜೆಯಲ್ಲಿ ‘ಕ್ರಿಸ್ತಾಚಿ ಕುಡ್’. ಪಡೆಯುವವರು ‘ಆಮೆನ್’ ಎನ್ನಬೇಕು. ಆ ಒಂದು ಪದ ಹೌದು ಎನ್ನುವ ಸಾಕ್ಷ್ಯ: ಇದು ಕ್ರಿಸ್ತರೆಂದು ನಂಬುತ್ತೇನೆ, ಈ ಜನರೊಡನೆ ನಾನೂ ಆ ಶರೀರದ ಅಂಗ, ಅವರಂತೆ ಮುರಿಯಲ್ಪಡಲು ಸಿದ್ಧ. ಮದುವೆಯ ಮಂಟಪಕ್ಕೆ ಬಂದವರೆಲ್ಲ ಊಟಕ್ಕೆ ಆಹ್ವಾನಿತರು, ಧಾರೆಗೆ ಕೈಯೊಡ್ಡುವವರು ಮಾತ್ರ ಬೇರೆ. ಹಾಗೆ ಕೈಯೊಡ್ಡದಿರುವುದು ಅತಿಥಿಗೆ ಅವಮಾನವಲ್ಲ. ನಂಬದ ಮಾತನ್ನು ನಿಮ್ಮ ಬಾಯಿಂದ ಹೇಳಿಸದಿರುವುದು ನಿಮ್ಮ ಶ್ರದ್ಧೆಗೆ ತೋರಿಸುವ ಗೌರವವೆಂದು ನಾನು ತಿಳಿದಿದ್ದೇನೆ. ಕಥೊಲಿಕರಲ್ಲಿಯೂ ಮನಸ್ಸಿನಲ್ಲಿ ದೊಡ್ಡ ಪಾಪದ ಭಾರವಿದ್ದವರು ಪಾಪನಿವೇದನೆಯಿಲ್ಲದೆ ಮುಂದೆ ಹೋಗುವುದಿಲ್ಲ, ಮಕ್ಕಳು ‘ಪಯ್ಲೊ ಕುಮ್ಗಾರ್’, ಎಂದರೆ ಮೊದಲ ಸ್ವೀಕಾರದ ತರಬೇತಿ ಮುಗಿಸುವ ತನಕ ಕಾಯುತ್ತಾರೆ. ನಿಮ್ಮ ಸಾಲಿನಲ್ಲಿ ಕುಳಿತವರೆಲ್ಲ ಅನ್ಯಮತೀಯರೇ ಆಗಿದ್ದಿರಲಾರರು. ಆದರೆ ಇದನ್ನು ಹೇಳುವ ರೀತಿಯಲ್ಲಿ ನಾವು ಇನ್ನಷ್ಟು ಮೃದುವಾಗಬೇಕು. ಅನೇಕ ಕಡೆ ಸ್ವೀಕರಿಸದವರೂ ಎದೆಯ ಮೇಲೆ ಕೈಕಟ್ಟಿ ಸಾಲಿನಲ್ಲಿ ಬಂದು ಗುರುಗಳಿಂದ ಆಶೀರ್ವಾದ ಪಡೆಯುವ ರೂಢಿಯಿದೆ. ಮೊದಲೇ ಕೇಳಿಕೊಂಡರೆ ನಿಮ್ಮ ಸಹೋದ್ಯೋಗಿಯೂ ಅದನ್ನು ಏರ್ಪಡಿಸಿಯಾರು.

ಕೊನೆಗೆ ನಿಮ್ಮ ಮಗಳಿಗೆ. ಆ ಬಿಲ್ಲೆಯನ್ನು ಕೊಂಕಣಿಯ ಮನೆಮಾತಿನಲ್ಲಿ ‘ಒಸ್ತಿ’ ಎನ್ನುತ್ತಾರೆ. ಗೋಧಿಹಿಟ್ಟು ಮತ್ತು ನೀರು ಬಿಟ್ಟರೆ ಅದರಲ್ಲಿ ಉಪ್ಪಿಲ್ಲ, ಸಕ್ಕರೆಯಿಲ್ಲ, ಹುಳಿಯಿಲ್ಲ. ತೆಳುವಾದ ಹಿಟ್ಟನ್ನು ಎರಡು ಬಿಸಿ ಕಬ್ಬಿಣದ ಹಲಗೆಗಳ ನಡುವೆ ಒತ್ತಿ ಬೇಯಿಸಿ, ಸ್ವಲ್ಪ ತೇವಕ್ಕೆ ಬಿಟ್ಟು, ದುಂಡಗೆ ಕತ್ತರಿಸುತ್ತಾರೆ. ಹೆಚ್ಚಾಗಿ ಕಾನ್ವೆಂಟಿನ ಸಿಸ್ಟರ್‌ಗಳ ಕೆಲಸ ಅದು. ಕತ್ತರಿಸಿ ಉಳಿದ ಅಂಚುಗಳು ಬಲಿಪೂಜೆಗೆ ಹೋಗುವುದಿಲ್ಲ, ಅವು ಸಾಮಾನ್ಯ ತಿನಿಸು. ನಾವು ಚಿಕ್ಕವರಿದ್ದಾಗ ಶನಿವಾರದ ಧರ್ಮೋಪದೇಶದ ತರಗತಿ ಮುಗಿದೊಡನೆ ಸಿಸ್ಟರೊಬ್ಬರು ಆ ತೂತುತೂತಾದ ಹಾಳೆಗಳನ್ನು ಹರಿದು ನಮ್ಮ ಕೈಗೆ ಕೊಡುತ್ತಿದ್ದರು. ನಾಲಿಗೆಯ ಮೇಲಿಟ್ಟರೆ ಮೊದಲು ಕಾಗದದಂತೆ ಅಂಟಿಕೊಂಡು, ಆಮೇಲೆ ಕರಗಿ, ಕೊನೆಯಲ್ಲಿ ಹಸಿ ಗೋಧಿಯ ಒಂದು ಎಳೆ ಸಿಹಿ ಉಳಿಯುತ್ತದೆ. ನಿಮ್ಮ ಸಹೋದ್ಯೋಗಿಯ ಪರಿಚಯದ ಕಾನ್ವೆಂಟಿನಲ್ಲಿ ಒಸ್ತಿ ಮಾಡುವುದಾದರೆ ಮಗಳನ್ನು ಕರೆದುಕೊಂಡು ಹೋಗಿ ಕೇಳಿ. ಆ ಅಂಚುಗಳನ್ನು ಕೊಡುವಾಗ ಅವರು ಅವಳ ಹೆಸರು ಮತ್ತು ತರಗತಿಯನ್ನು ಕೇಳಿಯಾರು, ಮತವನ್ನಲ್ಲ.